ಕಾರಿನಿಂದ ಇಳಿದವನ ಶಾಟ್

ಆ ನಿರ್ದೇಶಕನ ಸಿನಿಮಾಗಳಲ್ಲಿ ಕತ್ತಲೆಯೇ ಇರುತ್ತಿರಲಿಲ್ಲ. ಕೊಲೆ, ಮೋಸ, ಬ್ಲ್ಯಾಕ್‌ಮೇಲ್ ಎಲ್ಲವೂ ಮಟಮಟ ಮಧ್ಯಾಹ್ನ, ಐಸ್‌ಕ್ರೀಮ್ ಅಂಗಡಿಯ ಮುಂದಿನ ಪಾರ್ಕಿಂಗ್ ಲಾಟಿನಲ್ಲಿ ನಡೆಯುತ್ತಿದ್ದವು. ಅಂಥ ಕಥೆಗಳಿಗೆ ಅಮೆರಿಕದಲ್ಲಿ ನುವಾರ್ ಎನ್ನುತ್ತಾರೆ. ಪೂರ್ತಿ ಒಳ್ಳೆಯವನೂ ಅಲ್ಲದ, ಪೂರ್ತಿ ಕೆಟ್ಟವನೂ ಅಲ್ಲದ ಒಬ್ಬ ಮನುಷ್ಯ ಒಂದು ತಪ್ಪು ಹೆಜ್ಜೆ ಇಟ್ಟು, ಆಮೇಲೆ ಹೊರಬರಲಾರದೆ ಮುಳುಗುವ ಕಥೆ. "ಹಳೇ ಸಿನಿಮಾದವರಿಗೆ ನೆರಳು ಬೇಕಾಗಿತ್ತು. ಟೆಕ್ಸಾಸಿನಲ್ಲಿ ಮನುಷ್ಯನನ್ನು ಹೆದರಿಸೋಕೆ ಬಿಸಿಲೇ ಸಾಕು" ಎನ್ನುತ್ತಿದ್ದ. ಆಗ ಅವನಿಗೆ ಮೂವತ್ತು ದಾಟಿರಲಿಲ್ಲ. ಎರವಲು ತಂದ ಕ್ಯಾಮೆರಾ, ಬಿಟ್ಟಿ ದುಡಿಯುವ ಗೆಳೆಯರು, ಮೊದಲ ಸಿನಿಮಾ.

ನಾನು ತೊಂಬತ್ತರ ದಶಕದ ಕೊನೆಯಲ್ಲಿ ಆಸ್ಟಿನ್‌ನಲ್ಲಿ ಎಂ.ಎಸ್. ಓದುತ್ತಿದ್ದೆ. ನನ್ನ ರೂಮ್‌ಮೇಟ್ ಧಾರವಾಡದವನು, ಸಿವಿಲ್ ಎಂಜಿನಿಯರ್. ರಂಜಾನ್ ತಿಂಗಳಲ್ಲಿ ಅವನ ಉಪವಾಸ ಮುಗಿಯುವ ಹೊತ್ತಿಗೆ ನಾನು ಉಪ್ಪಿಟ್ಟು ಮಾಡಿಡುತ್ತಿದ್ದೆ. ಅದರಲ್ಲಿ ಉಪ್ಪಿಲ್ಲವೆಂದು ಅವನು ದಿನವೂ ಜಗಳ ತೆಗೆಯುತ್ತಿದ್ದ. ನಿರ್ದೇಶಕ ನಮ್ಮ ಅಪಾರ್ಟ್‌ಮೆಂಟಿನಲ್ಲೇ ಮೇಲಿನ ಮನೆಯಲ್ಲಿದ್ದ. ಒಂದು ದಿನ ಮೆಟ್ಟಿಲ ಬಳಿ ನಿಲ್ಲಿಸಿ, ಸಿನಿಮಾದಲ್ಲಿ ದರೋಡೆ ಮಾಡಿದವರು ಪರಾರಿಯಾಗಲು ಒಂದು ಕಾರು ಬೇಕು, ನಿನ್ನ ಹಳೇ ಕಾರು ಕೊಡುತ್ತೀಯಾ, ನೀನೇ ಓಡಿಸುತ್ತೀಯಾ ಎಂದು ಕೇಳಿದ. ಅಮೆರಿಕದ ಸಿನಿಮಾದಲ್ಲಿ ಕಾಣಿಸಿಕೊಳ್ಳುತ್ತೇನೆಂದು ನಾನು ಆ ವಾರವೇ ಊರಿಗೆ ಫೋನ್ ಮಾಡಿ ಹೇಳಿದ್ದೆ.

ಊರಾಚೆಯ ಹೈವೇ ಪಕ್ಕದ ರಸ್ತೆಯಲ್ಲಿ ಮುಚ್ಚಿಹೋದ ಒಂದು ಪೆಟ್ರೋಲ್ ಬಂಕ್. ರಸ್ತೆಯ ಆಚೆ, ಒಂದು ಟ್ರಕ್ಕಿನ ಹಿಂಭಾಗದಲ್ಲಿ ಉದ್ದನೆಯ ಲೆನ್ಸ್ ಹಾಕಿಕೊಂಡು ನಿರ್ದೇಶಕ ಮತ್ತು ಕ್ಯಾಮೆರಾದವನು ಅಡಗಿ ಕುಳಿತಿದ್ದರು. ನಾನು ಕಾರಿನಲ್ಲಿ. ಪಕ್ಕದ ಸೀಟಿನಲ್ಲಿ ರೂಮ್‌ಮೇಟ್, ತೊಡೆಯ ಮೇಲೆ ಆಟದ ಪಿಸ್ತೂಲು. ನನ್ನ ಅಂಗಿಯ ಕಾಲರಿನೊಳಗೆ ಸಣ್ಣ ಮೈಕ್. ಕಾರು ಬಂಕಿನಿಂದ ವೇಗವಾಗಿ ಹೊರಬಂದು ರಸ್ತೆ ಸೇರಬೇಕು, ಅಷ್ಟೇ ಕೆಲಸ. ಎರಡು ಸಲ ಮಾಡಿದೆವು. ಮೂರನೆಯ ಸಲ ಕನ್ನಡಿಯಲ್ಲಿ ಕೆಂಪು ನೀಲಿ ದೀಪ ಕಂಡಿತು. ದಾರಿಹೋಕರು ಯಾರೋ ಪಿಸ್ತೂಲು ನೋಡಿ ಪೊಲೀಸರಿಗೆ ಫೋನ್ ಮಾಡಿದ್ದರು.

ಕಾರು ಪಕ್ಕಕ್ಕೆ ಹಾಕಿದೆ. ಬೆಂಗಳೂರಿನಲ್ಲಿ ಸ್ಕೂಟರ್ ಓಡಿಸಿದವರಿಗೆ ಮುಂದಿನದು ಗೊತ್ತು. ಪೊಲೀಸಪ್ಪ ಕೈ ತೋರಿಸಿದರೆ ಗಾಡಿಯ ಮೇಲೆ ಕುಳಿತೇ ಇರಬಾರದು, ಅದು ಕೊಬ್ಬು. ಇಳಿಯಬೇಕು, ಹೆಲ್ಮೆಟ್ ತೆಗೆಯಬೇಕು, ನಾವೇ ಅವನ ಬಳಿ ನಡೆದು ಹೋಗಿ ಲೈಸೆನ್ಸ್ ತೋರಿಸಿ ಸರ್ ಎನ್ನಬೇಕು. ಅಮೆರಿಕದಲ್ಲಿ ಇದು ತಲೆಕೆಳಗು. ಇಲ್ಲಿ ಸೀಟು ಬಿಟ್ಟು ಏಳಬಾರದು, ಕೈ ಸ್ಟೀರಿಂಗ್ ಮೇಲೇ ಇರಬೇಕು. ಡ್ರೈವಿಂಗ್ ಪರೀಕ್ಷೆಗೆ ಇದನ್ನೆಲ್ಲ ಓದಿ ಪಾಸಾದವನು ನಾನು. ಆದರೆ ಆ ಕ್ಷಣಕ್ಕೆ ಬಂದದ್ದು ಓದಿದ್ದಲ್ಲ. ಬಾಗಿಲು ತೆಗೆದು ಇಳಿದೆ.

"ಏ, ಇಳೀಬ್ಯಾಡಲೇ! ಹುಚ್ಚ ಹಿಡದದೇನ? ಕೂಡು ಒಳಗ!" ಎಂದು ರೂಮ್‌ಮೇಟ್ ಕೂಗಿದ. ಅವನ ಎರಡೂ ಕೈ ಆಗಲೇ ಡ್ಯಾಶ್‌ಬೋರ್ಡಿನ ಮೇಲಿದ್ದವು.

ನಾನು ನಗುಮುಖ ಮಾಡಿಕೊಂಡು ಪೊಲೀಸರ ಕಾರಿನತ್ತ ನಡೆದೆ. ನಡೆಯುತ್ತಲೇ ಲೈಸೆನ್ಸಿಗಾಗಿ ಬಲಗೈ ಹಿಂದಿನ ಜೇಬಿಗೆ ಹೋಯಿತು. ಪೊಲೀಸ್ ಅಧಿಕಾರಿ ತನ್ನ ಕಾರಿನ ಬಾಗಿಲ ಮರೆಯಲ್ಲಿ ನಿಂತು ಗನ್ ಹಿಡಿದು ಕೂಗುತ್ತಿದ್ದುದು ಆಗಲೇ ಕಂಡದ್ದು. ಅವನೂ ನನ್ನಷ್ಟೇ ಹೆದರಿದ್ದನೆಂದು ಈಗ ಅನ್ನಿಸುತ್ತದೆ. ಅವನ ಮಾತು ಒಂದೂ ತಿಳಿಯಲಿಲ್ಲ. ಕೈ ಜೇಬಿನಲ್ಲೇ ಸಿಕ್ಕಿಕೊಂಡಿತು. ಎಳೆದು ತೆಗೆದು, ಎರಡೂ ಕೈ ಜೋಡಿಸಿ, ಕುದಿಯುವ ಡಾಂಬರಿನ ಮೇಲೆ ಮೊಣಕಾಲೂರಿದೆ. ಬಾಯಿಂದ ಹೊರಟದ್ದು ಇದು: "ಸರ್, ಐ ಆಮ್ ಗುಡ್ ಸ್ಟೂಡೆಂಟ್ ಸರ್. ಪ್ಲೀಸ್ ಸರ್." ಆಮೇಲೆ ನನ್ನ ಜಿಪಿಎ ಹೇಳಿದೆ. ಪಾಯಿಂಟ್ ಸಮೇತ. ಎರಡು ಸಲ.

ಗುಂಡು ಹಾರಲಿಲ್ಲ. ಎಲ್ಲ ತಿಳಿಯಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಇನ್ನೊಂದು ಪೊಲೀಸ್ ಕಾರು ಬಂತು, ಆಟದ ಪಿಸ್ತೂಲು ನೋಡಿದರು, ಟ್ರಕ್ಕಿನಿಂದ ನಿರ್ದೇಶಕ ಕೈ ಎತ್ತಿಕೊಂಡು ಇಳಿದು ಬಂದು ಬೈಸಿಕೊಂಡ. ನನ್ನ ಪ್ಯಾಂಟ್ ಒದ್ದೆಯಾಗಿತ್ತು. ರೂಮ್‌ಮೇಟ್ ತನ್ನ ಅಂಗಿ ಬಿಚ್ಚಿ ನನ್ನ ಸೊಂಟಕ್ಕೆ ಕಟ್ಟಿದ.

ಕ್ಯಾಮೆರಾ ನಿಂತಿರಲಿಲ್ಲ, ಮೈಕೂ ನಿಂತಿರಲಿಲ್ಲ. ಕೆಲವು ವಾರಗಳ ಮೇಲೆ ನಿರ್ದೇಶಕ ಎಡಿಟಿಂಗ್ ರೂಮಿಗೆ ಕರೆಸಿ ಅದನ್ನು ತೋರಿಸಿದ. ಅಧಿಕಾರಿಯ ಮುಖ ಇರಲಿಲ್ಲ, ಬಾಗಿಲ ಮೇಲಿನ ತೋಳು ಮಾತ್ರ. ಬಿಸಿಲಿನ ಝಳದಲ್ಲಿ ಅಲುಗಾಡುವ ರಸ್ತೆ, ಅದರ ಮಧ್ಯೆ ನಗುತ್ತಾ ಗನ್ನಿನ ಎದುರು ನಡೆದುಹೋಗುವ ಒಬ್ಬ ಹುಡುಗ. ಆ ಹುಡುಗ ಯಾರೋ ಆಗಿದ್ದರೆ ನಾನೂ ಅದನ್ನು ಅದ್ಭುತವೆನ್ನುತ್ತಿದ್ದೆ. "ನೀನು ಬೇಡ ಅಂದರೆ ತೆಗೆದುಬಿಡ್ತೀನಿ, ಈಗಲೇ ಹೇಳು" ಎಂದ. ಸುತ್ತ ಅವನ ಗೆಳೆಯರು ಕುಳಿತಿದ್ದರು. ಯಾರೋ ನನಗೆ ಕುರ್ಚಿ ಬಿಟ್ಟುಕೊಟ್ಟಿದ್ದರು, ಯಾರೋ ಕೋಕ್ ತಂದುಕೊಟ್ಟಿದ್ದರು. ಅಷ್ಟು ಮರ್ಯಾದೆಯಿಂದ ಕೇಳುವವನ ಮುಖಕ್ಕೆ ಬೇಡ ಎನ್ನುವುದು ನಮ್ಮ ಮನೆಗಳಲ್ಲಿ ಯಾರೂ ಕಲಿಸುವುದಿಲ್ಲ. "ಪರವಾಗಿಲ್ಲ" ಎಂಬರ್ಥದ ಏನೋ ಒಂದು ಇಂಗ್ಲಿಷಿನಲ್ಲಿ ಹೇಳಿ ಎದ್ದುಬಂದೆ.

ಆ ಸಿನಿಮಾ ಅವನನ್ನು ಮೇಲೆತ್ತಿತು. ಬರೆದವರೆಲ್ಲರೂ ಆ ಶಾಟಿನ ಬಗ್ಗೆಯೇ ಬರೆದರು. ನಾನು ಅಷ್ಟರಲ್ಲಿ ಕೆಲಸ ಸಿಕ್ಕಿ ಹ್ಯೂಸ್ಟನ್‌ಗೆ ಶಿಫ್ಟ್ ಆಗಿದ್ದೆ. ರೂಮ್‌ಮೇಟ್ ಕೂಡ ಪಕ್ಕದ ಮಿಸೌರಿ ಸಿಟಿಯಲ್ಲಿ ಮನೆ ಮಾಡಿದ್ದ. ಒಂದು ಭಾನುವಾರ ಅಲ್ಲಿನ ಕನ್ನಡದವರೆಲ್ಲ ಅವನ ಮನೆಗೆ ಊಟಕ್ಕೆ ಸೇರಿದ್ದಾಗ ಯಾರೋ ಆ ಸಿನಿಮಾದ ವಿಡಿಯೋ ಕ್ಯಾಸೆಟ್ ತಂದಿದ್ದರು. ನಾನು ತಡೆಯುವುದರೊಳಗೆ ಹಾಕಿಯೇಬಿಟ್ಟರು.

ಮೊದಲು ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಮೊಣಕಾಲೂರಿದಾಗ ಕೆಲವರು ತಟ್ಟೆ ಕೆಳಗಿಟ್ಟರು. ಜಿಪಿಎ ಬಂದಾಗ ಮನೆ ಹಾರಿಹೋಗುವಂತೆ ನಕ್ಕರು.

"ಲೋ, ಮಾರ್ಕ್ಸ್ ಕಾರ್ಡ್ ಜೇಬಲ್ಲೇ ಇಟ್ಕೊಂಡು ಓಡಾಡ್ತಿದ್ದೇನೋ?" ಎಂದರು ಮೈಸೂರಿನ ಅಂಕಲ್ ಒಬ್ಬರು. "ಡಿಸ್ಟಿಂಕ್ಷನ್ ಬಂದಿದ್ರೆ ಗುಂಡು ಹೊಡೆಯಲ್ಲ ಅಂತ ರೂಲ್ಸ್ ಇದೆಯಾ?"

"ನೀವ್ ಸುಮ್ನಿರಿ! ಅಯ್ಯೋ ಪಾಪ, ಎಷ್ಟು ಚೆನ್ನಾಗಿ ಆ್ಯಕ್ಟ್ ಮಾಡಿದ್ದೀಯಪ್ಪಾ, ನಿಜವಾಗ್ಲೂ ಅಂದ್ಕೊಂಡೆ" ಎಂದು ಅವರ ಹೆಂಡತಿ ಕಣ್ಣೊರೆಸಿಕೊಂಡರು.

"ಆ್ಯಕ್ಟಿಂಗ್ ಅಲ್ರಿ ಆಂಟಿ, ಅದು..." ಎಂದು ಶುರುಮಾಡಿದ ರೂಮ್‌ಮೇಟ್ ನನ್ನ ಮುಖ ನೋಡಿದ. "ಅದು ಹುಟ್ಟು ಕಲೆ ರಿ. ಇಂವಾ ಮನ್ಯಾಗ ಉಪ್ಪಿಟ್ಟು ಮಾಡೂ ಮುಂದನೂ ಹಿಂಗ ನಾಟಕಾ ಮಾಡ್ತಿದ್ದ" ಎಂದ. ಮತ್ತೆ ನಗು. ನಾನೂ ನಕ್ಕೆ. ಹೊಗಳಿಕೆ ಸ್ವೀಕರಿಸಿ, ತಟ್ಟೆಗೆ ಇನ್ನಷ್ಟು ಬಿಸಿಬೇಳೆಬಾತ್ ಹಾಕಿಸಿಕೊಂಡೆ. ಸಾಯುತ್ತೇನೆಂದುಕೊಂಡ ಗಳಿಗೆಯಲ್ಲಿ ಅಮ್ಮನನ್ನಾಗಲಿ ದೇವರನ್ನಾಗಲಿ ನೆನೆಯದೆ ಮಾರ್ಕ್ಸ್ ಹೇಳಿದವನನ್ನು ಅಷ್ಟೊಂದು ಜನ ಸೋಫಾದಲ್ಲಿ ಕುಳಿತು ನೋಡಿದ್ದರು. ಹಾಗೆ ಹೇಳಿದರೆ ಬದುಕಲು ಅರ್ಹತೆ ಸಿಗುತ್ತದೆಂದು ನಾನು ನಂಬಿದ್ದೆ. ಹೆದರಿಕೆಗಿಂತ ಆ ನಂಬಿಕೆಯೇ ನನಗೆ ನಾಚಿಕೆ ತರುತ್ತಿತ್ತು.

ನಿರ್ದೇಶಕನ ಎರಡನೆಯ ಸಿನಿಮಾ ಹ್ಯೂಸ್ಟನ್ನಿನ ಕಚ್ಚಾತೈಲದ ಕಾರ್ಖಾನೆಗಳ ನಡುವೆ ನಡೆಯುವುದು. ಮೂರನೆಯದು ಡಲ್ಲಾಸಿನ ಗಾಜಿನ ಕಟ್ಟಡಗಳಲ್ಲಿ, ಹೆಸರಾಂತ ನಟನೊಂದಿಗೆ. ಎರಡನ್ನೂ ಒಬ್ಬನೇ ಹೋಗಿ ನೋಡಿದೆ. ಎರಡರಲ್ಲೂ ಒಬ್ಬ ಮನುಷ್ಯ ನಡುಹಗಲಲ್ಲಿ ಕಾರಿನಿಂದ ಇಳಿದು, ನಗುತ್ತಾ, ಗನ್ನಿನ ಕಡೆ ನಡೆದುಹೋಗುತ್ತಾನೆ. ಅದು ಈ ನಿರ್ದೇಶಕನ ಮುದ್ರೆ ಎಂದು ವಿಮರ್ಶಕರು ಬರೆದರು. ಮೂರನೆಯದರ ಆ ನಟನ ಕೈ ಜೇಬಿನಲ್ಲಿ ಸಿಕ್ಕಿಕೊಳ್ಳುವ ರೀತಿ ಕೂಡ ನನ್ನದೇ ಆಗಿತ್ತು. ಆದರೆ ಅವನು ಕೊನೆಗೆ ಏನೋ ಗಂಭೀರವಾದ ಮಾತು ಹೇಳಿ ಸಾಯುತ್ತಿದ್ದ.

ಮದುವೆಯಾಗಿ ಡಲ್ಲಾಸ್ ಹತ್ತಿರದ ಲಿಟಲ್ ಎಲ್ಮ್‌ನಲ್ಲಿ ಹೊಸ ಮನೆ ಸೇರಿದ ಮೇಲೆ, ಡಲ್ಲಾಸಿನ ಒಂದು ಥಿಯೇಟರಿನಲ್ಲಿ ನಿರ್ದೇಶಕನ ಮೊದಲ ಸಿನಿಮಾ ಮತ್ತೆ ಹಾಕುತ್ತಾರೆ, ಅವನೇ ಬಂದು ಮಾತಾಡುತ್ತಾನೆ, ಅದರ ಡಿವಿಡಿ ತಯಾರಾಗುತ್ತಿದೆ ಎಂದು ತಿಳಿಯಿತು. ಡಿವಿಡಿ ಎಂದರೆ ಮನೆಮನೆಯಲ್ಲೂ ನಿಲ್ಲಿಸಿ, ಹಿಂದೆ ಮುಂದೆ ಮಾಡಿ ನೋಡಬಹುದಾದದ್ದು. ಈ ಶಾಟಿನ ವಿಷಯವನ್ನು ನಾನು ಹೆಂಡತಿಗೂ ಹೇಳಿರಲಿಲ್ಲ. ಅದು ಆ ಡಿವಿಡಿಯಲ್ಲಿ ಇರಬಾರದು ಎಂದು ಕೇಳುವುದಕ್ಕಾಗಿಯೇ ಹೋದೆ.

ಲಾಬಿಯಲ್ಲಿ ನನ್ನನ್ನು ನೋಡಿದವನೇ ಬಂದು ಅಪ್ಪಿಕೊಂಡ. ಕೂದಲು ನರೆತಿತ್ತು. ಅವನು ಮಾತು ಶುರುಮಾಡುವ ಮೊದಲೇ, ಧೈರ್ಯ ಕರಗುವ ಮೊದಲೇ ಹೇಳಿದೆ: "ಅದನ್ನು ತೆಗಿ."

ಯಾವುದನ್ನು ಎಂದು ಕೇಳಲಿಲ್ಲ. "ಅದಿಲ್ಲದೆ ಸಿನಿಮಾ ನಿಲ್ಲೋದಿಲ್ಲ, ಗೊತ್ತಲ್ಲ?"

"ಗೊತ್ತು."

"ಅವತ್ತು ಯಾಕೆ ಹೇಳಲಿಲ್ಲ?"

"ಅವತ್ತು ನೀನು ಎಲ್ಲರೆದುರು ಕೇಳಿದೆ."

ಒಳಗಿಂದ ಯಾರೋ ಅವನನ್ನು ಕರೆದರು. "ಸರಿ" ಎಂದಷ್ಟೇ ಹೇಳಿ ಹೋದ. ನಾನು ಸಿನಿಮಾ ನೋಡದೆ ಮನೆಗೆ ಡ್ರೈವ್ ಮಾಡಿದೆ.

ಡಿವಿಡಿ ಬಂದಾಗ ಒಂದನ್ನು ನನಗೇ ಕಳಿಸಿದ. ಮಾತು ಉಳಿಸಿಕೊಂಡಿದ್ದ. ಕಾರು ಬಂಕಿನಿಂದ ಹೊರಬರುತ್ತದೆ, ಕನ್ನಡಿಯಲ್ಲಿ ದೀಪ ಕಾಣುತ್ತದೆ, ಮರುಕ್ಷಣ ಬೇರೆ ರಸ್ತೆ, ಬೇರೆ ದಿನ. ಬರಿದಾದ ಒಂದು ಜಿಗಿತ. ನಿರ್ದೇಶಕನ ವಿವರಣೆ ಕೇಳುವ ಟ್ರ್ಯಾಕ್ ಹಾಕಿ ಅದೇ ಜಾಗಕ್ಕೆ ಹಿಂತಿರುಗಿದೆ. "ಇಲ್ಲೊಬ್ಬ ಹುಡುಗ ಇದ್ದ" ಎನ್ನುತ್ತಿತ್ತು ಅವನ ದನಿ. "ಅವನಿಗೆ ಬೇಡವಾಗಿತ್ತು, ತೆಗೆದೆ. ಅವತ್ತು ನಾನು ಅವನ ಹತ್ತಿರ ಓಡಿ ಹೋಗಬೇಕಿತ್ತು. ಕಾಲು ಏಳಲಿಲ್ಲ. ಕ್ಯಾಮೆರಾ ಆಫ್ ಮಾಡೋಕೂ ಕೈ ಬರಲಿಲ್ಲ. ಆಮೇಲೆ ಅದನ್ನೇ ಜನ ನನ್ನ ಶೈಲಿ ಅಂದರು." ಅಷ್ಟೇ. ಮುಂದೆ ಲೆನ್ಸಿನ ಬಗ್ಗೆ ಮಾತಾಡತೊಡಗಿದ.

ಹೆಂಡತಿ ಬಟ್ಟೆ ಮಡಚುತ್ತಾ ಅಲ್ಲೇ ಕುಳಿತಿದ್ದಳು. "ಯಾವ ಹುಡುಗನ ಬಗ್ಗೆ ರೀ ಹೇಳ್ತಿರೋದು?"

"ನನ್ನ ಬಗ್ಗೆ."

"ನೀವಾ? ಎಲ್ಲಿ? ಅಲ್ಲಿ ಯಾರೂ ಇರ್ಲಿಲ್ವಲ್ಲ."

ತೋರಿಸಲು ಏನೂ ಉಳಿದಿರಲಿಲ್ಲ. ಬಾಯಲ್ಲಿ ಹೇಳಲು ಹೋದರೆ ಅದೊಂದು ತಮಾಷೆಯ ಪ್ರಸಂಗದಂತೆ ಕೇಳಿಸಿತು, ಅವಳು ಆಗಲೇ ನಗಲು ಸಿದ್ಧಳಾಗಿದ್ದಳು. ಎದ್ದು ನಿಂತೆ. ಸೋಫಾದ ಕೊನೆಯಿಂದ ಅವಳತ್ತ, ನಗುಮುಖ ಮಾಡಿಕೊಂಡು, ಬಲಗೈ ಹಿಂದಿನ ಜೇಬಿಗೆ ಹಾಕುತ್ತಾ ನಡೆದೆ. ಅವಳ ಕೈಯಲ್ಲಿದ್ದ ಬಟ್ಟೆ ಹಾಗೇ ನಿಂತಿತು. "ಸಾಕು ರೀ" ಎಂದಳು. ಕೈ ಜೋಡಿಸುವವರೆಗೂ ಮಾಡಿ ತೋರಿಸಿದೆ. ಮೊಣಕಾಲೂರಲು ಮಾತ್ರ ನನ್ನಿಂದ ಆಗಲಿಲ್ಲ.