ಪತ್ರಾಸ್ ಮನೆ ಮತ್ತು ಹುಣಸೆಹಣ್ಣು

ಮೆಲ್ಬರ್ನ್‌ಗೆ ಬಂದ ಹೊಸತರಲ್ಲಿ ನಾವು ಗಂಡ ಹೆಂಡತಿ ಬಾಡಿಗೆಗಿದ್ದದ್ದು ತಗಡಿನ ಮನೆಯಲ್ಲಿ. ನಮ್ಮ ಧಾರವಾಡದ ಕಡೆ ಅದಕ್ಕೆ ಪತ್ರಾಸ್ ಮನೆ ಅನ್ನುತ್ತಾರೆ. ಚಿನ್ನ ಸಿಕ್ಕಿತೆಂದು ಜನ ಈ ಸೀಮೆಗೆ ಮುಗಿಬಿದ್ದ ಕಾಲದಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಬಿಡಿಬಿಡಿಯಾಗಿ ತಂದು, ಇಲ್ಲಿ ಬೋಲ್ಟು ಬಿಗಿದು ನಿಲ್ಲಿಸಿದ್ದಂತೆ. ಬೇಸಿಗೆಯಲ್ಲಿ ಕಾದ ಹಂಚು. ಆದರೂ ನನ್ನಾಕೆ ಕೆಲಸಕ್ಕೆ ನಡೆದೇ ಹೋಗಬಹುದಿತ್ತು. ಡ್ಯಾಂಡಿನಾಂಗ್‌ನ ಗೋದಾಮಿನಲ್ಲಿ ಶಿಫ್ಟ್ ಮುಗಿಸಿ ಬಂದು ಬಿದ್ದುಕೊಂಡರೆ ಸಾಕೆನ್ನುವ ನನಗೆ ಬೇರೇನೂ ಬೇಕಿರಲಿಲ್ಲ.

ಮಾಲೀಕ ಅದನ್ನು ಕೆಡವಿ ಫ್ಲ್ಯಾಟ್ ಕಟ್ಟುತ್ತೇನೆಂದ. ಇದು ಹೆರಿಟೇಜ್, ಕೆಡವಬಾರದು ಎಂದು ಅಕ್ಕಪಕ್ಕದವರು ಇಲ್ಲಿನ ನಗರಸಭೆಯಾದ ಕೌನ್ಸಿಲ್‌ಗೆ ಹೋದರು. ಮನೆ ಉಳಿದರೆ ನಾವೂ ಉಳಿದೆವು ಅಂದುಕೊಂಡೆವು. ಪರೀಕ್ಷೆ ಮಾಡಲು ತಜ್ಞೆಯೊಬ್ಬರು ಬರುತ್ತಾರೆಂದು ತಿಳಿಯಿತು.

ಅದರ ಹಿಂದಿನ ದಿನ ನಾನು ಬರುವಾಗ ನನ್ನಾಕೆ ಬಾಗಿಲ ಬದಿಯ ಕಬ್ಬಿಣದ ಕಂಬಕ್ಕೆ ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕುತ್ತಿದ್ದಳು.

"ಅದೇನು ಹಿತ್ತಾಳಿ ಹಂಡೇನ? ಹೊಳ್ಯಾಗ ಹುಣಸಿಹಣ್ಣು ತೊಳದಂಗ ಆತು, ಬಿಡು," ಎಂದೆ.

"ನಾಳೆ ಮಂದಿ ಬರ್ತಾರ. ಹೊಲಸು ಮನಿ, ಕೆಡವ್ರಿ ಅಂತ ಬರದ್ರ ಎಲ್ಲಿಗೆ ಹೋಗೂಣು? ಒಂದೀಟು ನೀರು ಹಾಕ್ರಿ."

ಸಾಕಾಗಿ ಹೋಗಿತ್ತು, ಆದರೂ ನೀರು ಹಾಕಿದೆ. ಮಸಿ, ತುಕ್ಕು ಇಳಿದ ಜಾಗದಲ್ಲಿ ಉಬ್ಬಕ್ಷರ ಎದ್ದವು. ಇಂಗ್ಲೆಂಡಿನ ಯಾವುದೋ ಊರಿನ ಹೆಸರು, ಕೆಳಗೆ ಜೋಡಿಸುವವರ ಗುರುತಿಗೊಂದು ನಂಬರು.

ಮರುದಿನ ಬಂದ ತಜ್ಞೆ ಅದರ ಮುಂದೆ ಮಂಡಿಯೂರಿ ಕೂತರು. ಇನ್ನು ಮೇಲೆ ಹೀಗೆ ತಿಕ್ಕಬೇಡಿ ಎಂದು ಮೊದಲು ಬೈದರು. ಆಮೇಲೆ, ಮನೆ ಇಂಗ್ಲೆಂಡಿನಿಂದಲೇ ಬಂದದ್ದು ಎನ್ನುವುದಕ್ಕೆ ಇಷ್ಟು ದಿನ ಹುಡುಕುತ್ತಿದ್ದ ಸಾಕ್ಷಿ ಇದೇ ಎಂದರು. ನನ್ನಾಕೆ ಅವರಿಗೆ ಚಹಾ ಕೊಟ್ಟು, ಹೆಂಗೈತಿ ಎನ್ನುವಂತೆ ನನ್ನ ಮುಖ ನೋಡಿದಳು. ನನಗೂ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಮನೆ ಉಳಿಯಿತು. ಕೌನ್ಸಿಲ್ ಅದನ್ನು ಕೊಂಡು ಮ್ಯೂಸಿಯಂ ಮಾಡಿತು. ಮ್ಯೂಸಿಯಂನಲ್ಲಿ ಒಗ್ಗರಣೆ ಹಾಕುವಂತಿಲ್ಲ, ಮಲಗುವಂತಿಲ್ಲ. ಖಾಲಿ ಮಾಡಿ ಎಂದರು. ಊರಿನ ಇನ್ನೊಂದು ತುದಿಯ, ಆಗಿನ್ನೂ ಟ್ರೈನೇ ಇಲ್ಲದ ಟಾರ್ನೀಟ್‌ಗೆ ಹೋದೆವು. ಆಕೆ ಆ ಕೆಲಸ ಬಿಡಬೇಕಾಯಿತು. ನನ್ನ ಅರ್ಧ ಆಯುಷ್ಯ ಕಾರಿನಲ್ಲೇ ಕಳೆಯಿತು.

ಕೆಲವು ವರ್ಷದ ಮೇಲೆ ಒಂದು ಭಾನುವಾರ ನೋಡಲು ಹೋದೆವು. ಕಂಬದ ಸುತ್ತ ಹಗ್ಗ ಕಟ್ಟಿದ್ದರು. ನನ್ನಾಕೆ ಹಗ್ಗದಾಚೆ ಕೈ ಚಾಚಿ ಅಕ್ಷರ ಸವರಿದಳು. ಮನೆ ತೋರಿಸುತ್ತಿದ್ದ ಮುದುಕ, ದಯವಿಟ್ಟು ಮುಟ್ಟಬೇಡಿ ಎಂದ.

ಆಕೆ ಕೈ ಹಿಂದೆ ತೆಗೆದುಕೊಂಡಳು. "ತಿಕ್ಕಿದಾಕಿ ನಾನರೀ," ಎಂದು ಅವನಿಗೆ ಕನ್ನಡದಲ್ಲೇ ಹೇಳಿದಳು.

ಅವನು ನಕ್ಕು, ನಮ್ಮ ಅಡುಗೆಮನೆಯ ಕಡೆ ದಾರಿ ತೋರಿಸಿದ.