ಕಪಾಟಿನ ಸಹದೇವ

ಹುಮನಾಬಾದ ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿಭಜಿ ಕಟ್ಟಿಕೊಡುವ ಕಾಗದವನ್ನು ಓದದೆ ಎಸೆಯುವವನು ಅರ್ಧ ಲಾಭ ಬಿಟ್ಟುಕೊಟ್ಟಂತೆ ಎಂಬುದು ನನ್ನ ಖಚಿತ ಅಭಿಪ್ರಾಯ. ಮೊನ್ನೆ ಹೆಂಡತಿಯೊಡನೆ ಬಸ್ಸು ಕಾಯುವಾಗ ಸಿಕ್ಕ ತುಣುಕಿನಲ್ಲಿ, ಜಗತ್ತಿನ ಗಣಕಯಂತ್ರಗಳನ್ನೆಲ್ಲ ಆಳುವ ಕಂಪನಿಗಳು ಐದೇ ಐದು ಎಂದು ಯಾರೋ ಪಂಡಿತರು ತೀರ್ಮಾನಿಸಿ, 'ಪಂಚದಿಗ್ಗಜಗಳು' ಎಂದು ನಾಮಕರಣವನ್ನೂ ಮುಗಿಸಿದ್ದರು. ನಾಲ್ಕು ಹೆಸರು ಸ್ಪಷ್ಟವಾಗಿದ್ದವು. ಐದನೆಯದರ ಮೇಲೆ ಎಣ್ಣೆ ಹರಡಿತ್ತು. ದಿಕ್ಕುಗಳೇ ಎಂಟಿರುವಾಗ ಆನೆಗಳು ಐದೇ ಹೇಗೆ ಎಂದು ನಾನು ಕೇಳಲಿಲ್ಲ. ಆ ದಂಧೆಯನ್ನು ನಾನೂ ಮಾಡಿದವನು.

ಬಸವಕಲ್ಯಾಣದ ಬಜಾರಿನಲ್ಲಿ ನಾನು ರೇಡಿಯೋ ಅಂಗಡಿ ಇಟ್ಟ ಹೊಸತು. ಕಂಪನಿಗಳ ಇಂಗ್ಲಿಷ್ ಹೆಸರು ಗಿರಾಕಿಗಳ ನಾಲಿಗೆಗೆ ಹತ್ತುತ್ತಿರಲಿಲ್ಲವಾದ್ದರಿಂದ ನಾನೇ ಹೆಸರಿಟ್ಟೆ. ಬೆಲೆಯಲ್ಲಿ ಕದಲದವನು ಧರ್ಮರಾಯ, ಗೋಡೆ ನಡುಗಿಸುವವನು ಭೀಮ, ದೂರದ ಸ್ಟೇಶನ್ನನ್ನು ಗುರಿಯಿಟ್ಟು ಹಿಡಿಯುವವನು ಅರ್ಜುನ, ನೋಡಲು ಚೆಲುವ ನಕುಲ. ಪಾಂಡವರು ನಾಲ್ವರೇ ಆದರೆ ಯಾರು ಒಪ್ಪಿಯಾರು? ಅಂಗಡಿ ತೆರೆದಂದಿನಿಂದ ಕಪಾಟಿನ ಮೂಲೆಯಲ್ಲಿ ಮಾರಾಟವಾಗದೆ ಕುಳಿತು, ಮನಸ್ಸಾದಾಗ ಮಾತ್ರ ಮಾತಾಡುತ್ತಿದ್ದ ಪೆಟ್ಟಿಗೆಗಳಿಗೆ ಸಹದೇವನ ಪಟ್ಟ ಕಟ್ಟಿ, "ಎಲ್ಲಾ ಬಲ್ಲಾಂವ, ಕೇಳಿದ್ರಷ್ಟ ಹೇಳ್ತಾನ್ರಿ" ಎಂದೆ.

ನನ್ನ ಮೆಕ್ಯಾನಿಕ್ ಖಾಸಿಂ ತಲೆಯೆತ್ತದೆ ಗೊಣಗಿದ: "ಕೇಳಿದ್ರೂ ಹೇಳಂಗಿಲ್ಲ ಸೇಠ."

ಆದರೂ ಖಾಲಿಯಾದವು. ಪಕ್ಕದ ರಾಜೇಶ್ವರ ಹಳ್ಳಿಯವರು ಹೆಸರು ಹಿಡಿದೇ ಕೇಳಿಕೊಂಡು ಬಂದರು. ವಿಚಾರಿಸದೆ ಒಯ್ದವರಲ್ಲಿ ಕೊಹಿನೂರ ಹಳ್ಳಿಯ ರೈತ ಶರಣಪ್ಪನೂ ಒಬ್ಬ.

ಮರುವರ್ಷ ಅದೇ ಶರಣಪ್ಪನ ಮಗಳೊಡನೆ ನನ್ನ ಮದುವೆ ನಿಶ್ಚಯವಾಯಿತು. ಅಳಿಯನಿಗೆ ಏನು ಉಡುಗೊರೆ ಎಂಬ ಮಾತು ಬಂದಾಗ, ಸಂಕೋಚ ತೋರಿದವನಿಗೇ ದೊಡ್ಡ ಪಾಲು ಎಂಬ ವ್ಯಾಪಾರಸೂತ್ರವನ್ನು ನಂಬಿ, "ಐವರೊಳಗ ಯಾರಾದ್ರೂ ನಡೀತದ್ರಿ ಮಾವಾರ" ಎಂದೆ. ಮನಸ್ಸಿನಲ್ಲಾಗಲೇ ಧರ್ಮರಾಯನಿಗೆ ಮನೆಯಲ್ಲಿ ಜಾಗ ಗುರುತಿಸಿಯಾಗಿತ್ತು.

ನಿಶ್ಚಿತಾರ್ಥದ ದಿನ ತುಂಬಿದ ಸಭೆಯಲ್ಲಿ ಮಾವ ಉಡುಗೊರೆಯ ಮೇಲಿನ ಅರಿವೆ ಸರಿಸಿದರು. ಸಹದೇವ; ನಾನೇ ಮಾರಿದ್ದು, ಬಲಮೂಲೆಯ ಗೀರು ಸಮೇತ.

"ಶಾಣ್ಯಾ ಅಳಿಯಗ ಶಾಣ್ಯಾ ಪಾಂಡವ," ಎಂದರು ಮಾವ. "ಯಾಕ, ಬ್ಯಾಡೇನು?"

ಬೇಡವೆಂದರೆ ಮರುದಿನವೇ ಹತ್ತು ಹಳ್ಳಿಯ ಸಹದೇವರು ನನ್ನ ಅಂಗಡಿಯ ಮುಂದೆ ಸಾಲು ನಿಲ್ಲುತ್ತಿದ್ದರು. ಬೇಕೆಂದರೆ ಜೀವಮಾನವಿಡೀ ಮೌನ. ಹಿಂದಿನಿಂದ ಖಾಸಿಂ ಪಿಸುಗುಟ್ಟಿದ: "ಅಡ್ಡ ಬೀಳ್ರಿ ಸೇಠ, ನಿಮ್ಮ ದೇವರ ಬಂದಾನ." ಎರಡೂ ಕೈಯಿಂದ ಸ್ವೀಕರಿಸಿ ಕಣ್ಣಿಗೊತ್ತಿಕೊಂಡೆ. ಅಂಗಡಿ ಉಳಿಯಿತು. ಎಡಗೆನ್ನೆಗೊಂದು ಬಾರಿಸಿದರೆ ಅದು ಮಾತಾಡುತ್ತದೆಂದು ಹೆಂಡತಿ ಬರುವಾಗಲೇ ಕಲಿತು ಬಂದಿದ್ದಳು; ಆ ವಿದ್ಯೆಯನ್ನು ರೇಡಿಯೋಕ್ಕಷ್ಟೇ ಸೀಮಿತಗೊಳಿಸಿದ್ದು ಅವಳ ದೊಡ್ಡತನ.

ಆದ್ದರಿಂದ, ಓದುಗ ಮಿತ್ರರೇ, ದೊಡ್ಡವರ ಪಟ್ಟಿ ಯಾರೇ ಕೊಡಲಿ, ಕೆಳಗಿನಿಂದ ಮೇಲಕ್ಕೆ ಓದಿರಿ. ಮೊದಲ ನಾಲ್ವರನ್ನು ಲೋಕ ಆರಿಸುತ್ತದೆ. ಐದನೆಯವನನ್ನು ಪಟ್ಟಿ ಬರೆದವನು.

ಇಷ್ಟು ತಿಳಿದೂ ಚಪಲ ಬಿಡಬೇಕಲ್ಲ. ಐದನೆಯ ದಿಗ್ಗಜ ಯಾವುದೆಂದು ಎಣ್ಣೆಯ ಕಲೆಯನ್ನು ಬಿಸಿಲಿಗೆ ಹಿಡಿದು ತಿಕ್ಕತೊಡಗಿದೆ. ಹೆಂಡತಿ ಕೊನೆಯ ಮಿರ್ಚಿ ಮುರಿಯುತ್ತ, "ಯಾಕ ತಿಕ್ಕಾಕತ್ತೀರಿ? ಬರದಾಂವನ ಕಪಾಟಿನ್ಯಾಗ ಉಳದದ್ದ ಇರ್ತದ" ಎಂದಳು.

ಅದೇ ಕಾಗದದಿಂದ ಕೈಯೊರೆಸಿಕೊಂಡೆ. ಉಳಿದ ನಾಲ್ವರ ಮೇಲೂ ಎಣ್ಣೆ ಹರಡಿತು.