ರಗೀಬನ ಹೊಗೆಯಿಲ್ಲದ ಎಂಜಿನ್

ಲಿಪಾವಾ ಕಲ್ಲಿದ್ದಲು ಗಣಿಯ ರೈಲಿನಲ್ಲಿ ಬಾಯ್ಲರ್ ಮೇಸ್ತ್ರಿಯಾಗಿದ್ದ ರಗೀಬ್ ಮಹಾ ಹಟಮಾರಿ. ಮದುವೆಯ ದಿನವೂ ಉಗುರಿನ ಮಸಿ ಹೋಗದೆ ಮಾವನಿಂದ ಬೈಸಿಕೊಂಡವನು. ಯುದ್ಧ ಮುಗಿದ ಮೇಲೆ ಗಣಿಗೆ ಡೀಸೆಲ್ ಎಂಜಿನ್ ಬಂತು. ನಮ್ಮ ಉಗಿ ಎಂಜಿನ್ನುಗಳು ಗುಜರಿಗೆ ಎಂದು ಗೊತ್ತಾದಾಗ ನಾವೆಲ್ಲ ಕಾಫಿ ಅಂಗಡಿಯಲ್ಲಿ ಕೂತು ಸರ್ಕಾರವನ್ನು ಬೈದೆವು. ರಗೀಬ್ ಮಾತ್ರ ಎದ್ದುಹೋಗಿ ಒಂದು ಉಗಿ ಎಂಜಿನ್ನಿನ ಹೊಟ್ಟೆ ಬಿಚ್ಚಿದ.

"ಡೀಸೆಲ್ಲಿಗೆ ಊರಾಚೆ ಕೈಯೊಡ್ಡಬೇಕು. ಕಲ್ಲಿದ್ದಲು ನಮ್ಮ ಕಾಲಡಿಲೇ ಇದೆ. ಸರಿಯಾಗಿ ಉರಿಸೋದು ಕಲಿಯೋಣ," ಅಂದ.

ಚಳಿಗಾಲವೆಲ್ಲ ಅದೇ ಕೆಲಸ. ಒಲೆಯ ಪಕ್ಕಗಳಲ್ಲಿ ಗಾಳಿಗೆಂದು ತೂತು ಕೊರೆದ, ಚಿಮಣಿ ಅಗಲ ಮಾಡಿದ. ಕೆಂಡ ದಪ್ಪಗೆ ಹಾಸಿ ಬಾಗಿಲು ಮುಚ್ಚಿಟ್ಟರೆ ಹೊಗೆಯೂ ಒಳಗೇ ಉರಿದು ಶಾಖ ಕೊಡುತ್ತದೆ ಎಂಬುದು ಅವನ ಲೆಕ್ಕ. ಗಣಿಯ ಡೈರೆಕ್ಟರ್ ಒಂದೇ ಅವಕಾಶ ಕೊಟ್ಟರು. ಡೀಸೆಲ್ ಎಳೆಯುವಷ್ಟೇ ಗಾಡಿಗಳನ್ನು ನಿಲ್ಲದೆ ಏರು ಹತ್ತಿಸಬೇಕು, ಊರಿಗೆ ಮಸಿ ಬೀಳಬಾರದು. ಇಲ್ಲದಿದ್ದರೆ ಗುಜರಿ.

ಪರೀಕ್ಷೆಯ ದಿನ ಓಡಿಸುವವನು ನಾನು, ಕಲ್ಲಿದ್ದಲು ಹಾಕುವವನು ಸ್ಟಾಂಕೊ. ತೊಡಕಿದ್ದದ್ದು ಇಲ್ಲೇ. ಕಪ್ಪು ಹೊಗೆ ಎದ್ದರೇ ಎಂಜಿನ್ನಿಗೆ ಜೀವ ಇದೆ ಅಂತ ನಂಬಿಕೊಂಡು ಬಂದವರು ನಾವು. ಏರಿನ ಅರ್ಧಕ್ಕೆ ಬಂದರೂ ಚಿಮಣಿಯಲ್ಲಿ ಏನೂ ಇಲ್ಲ, ಸದ್ದೂ ಕಡಿಮೆ. ಸ್ಟಾಂಕೊ ಸಲಿಕೆ ಎತ್ತಿದ. ರಗೀಬ್ ಒಲೆಬಾಗಿಲಿಗೆ ಅಡ್ಡ ನಿಂತ.

"ತೆಗೀಬೇಡ. ತಣ್ಣನೆ ಗಾಳಿ ನುಗ್ಗುತ್ತೆ."

"ಸರ್ಕೊಳ್ಳೋ ಮಾರಾಯ, ಬೆಂಕಿ ಸಾಯ್ತಿದೆ. ನೀನು ಇಲ್ಲಿಗೆ ಬರೋಕೆ ಮುಂಚಿಂದ ಬೆಂಕಿ ಹಾಕ್ತಿದೀನಿ ನಾನು."

"ಚಿಮಣಿ ಯಾಕೆ ನೋಡ್ತೀಯ? ಮುಳ್ಳು ನೋಡು."

ಒತ್ತಡದ ಮುಳ್ಳು ಇಳಿದಿರಲಿಲ್ಲ. ಸ್ಟಾಂಕೊ ಅದನ್ನೂ ನಂಬಲಿಲ್ಲ, ರಗೀಬನ ಭುಜಕ್ಕೆ ಕೈಹಾಕಿ ತಳ್ಳತೊಡಗಿದ.

ಅಷ್ಟರಲ್ಲಿ ತಿರುವು ಬಂತು. ಅಲ್ಲಿ ನಮ್ಮ ಮನೆಗಳ ಸಾಲು. ರೈಲಿನ ಸದ್ದಾದರೆ ಸಾಕು, ಹೆಂಗಸರು ಓಡಿಬಂದು ಒಣಹಾಕಿದ ಬಟ್ಟೆ ಒಳಗೆಳೆದುಕೊಳ್ಳುತ್ತಿದ್ದರು. ಅವತ್ತು ರಗೀಬನ ಹೆಂಡತಿ ಜುಮ್ರಾ ತನ್ನ ಮದುವೆಯ ಬಿಳಿ ಹಾಸುಬಟ್ಟೆಗಳನ್ನು ಹಳಿಯ ಪಕ್ಕದಲ್ಲೇ ಉದ್ದಕ್ಕೂ ಹರವಿದ್ದಳು. ಅದರ ಜೊತೆಗೆ ಸ್ಟಾಂಕೊನ ಹೆಂಡತಿ ಮಿಲ್ಕಾಳ ಕಸೂತಿಯ ಮೇಜುಬಟ್ಟೆ, ಅದರ ಪಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತ ಮಿಲ್ಕಾ.

ಸ್ಟಾಂಕೊ ಸಲಿಕೆ ಕೆಳಗಿಟ್ಟ.

"ಬೆಂಕಿ ಆರಿದ್ರೆ ನೌಕರಿ ಹೋಗುತ್ತೆ. ಆ ಬಟ್ಟೆ ಕಪ್ಪಾದ್ರೆ ನಾನೇ ಹೋಗ್ತೀನಿ," ಅಂದ.

ನಿಲ್ಲದೆ ಏರು ಹತ್ತಿದೆವು. ಮೇಲೆ ತಲುಪಿದಾಗ ರಗೀಬ್ ಒಲೆಬಾಗಿಲಿನ ಪಕ್ಕ ಕುಸಿದು ಕೂತು ಅತ್ತುಬಿಟ್ಟ. ನನಗೂ ತಡೆಯಲಾಗಲಿಲ್ಲ.

ನಮ್ಮ ರೈಲಿನ ಕೊನೆಯ ಗಾಡಿಯಲ್ಲಿ ಬಂದಿದ್ದ ಡೈರೆಕ್ಟರ್ ವಾಪಸ್ಸು ಬರುವಾಗ ತಿರುವಿನಲ್ಲಿ ಇಳಿದರು. ಜುಮ್ರಾಳ ಹಾಸುಬಟ್ಟೆಯನ್ನು ಹಿಡಿದು ಹಿಂದೆಮುಂದೆ ತಿರುಗಿಸಿ ನೋಡಿದರು.

"ಗುಜರಿಯವನಿಗೆ ಬರಬೇಡ ಅಂತ ಹೇಳ್ತೀನಿ," ಅಂದರು.

"ಹೇಳಿ ಸಾಹೇಬ್ರೇ. ಆದ್ರೆ ಮೊದ್ಲು ಬಟ್ಟೆ ಬಿಡಿ," ಅಂದಳು ಜುಮ್ರಾ.

ಅಷ್ಟೂ ಬಟ್ಟೆಯಲ್ಲಿ ಇದ್ದದ್ದು ಒಂದೇ ಕಪ್ಪು ಕಲೆ, ಕಲ್ಲಿದ್ದಲು ಗಾಡಿಯ ಕಂಬಿ ಹಿಡಿದು ಬಂದಿದ್ದ ಅವರ ಹೆಬ್ಬೆರಳಿನದು. ಈಗ ರಗೀಬ್ ಇಲ್ಲ. ಅವನ ಎಂಜಿನ್ ಹಳಿಯ ಮೇಲಿದೆ. ಜುಮ್ರಾ ಆ ಕಲೆಯನ್ನು ಇವತ್ತಿಗೂ ಒಗೆದಿಲ್ಲ.